ಪೂವಮ್ಮ ಹೆಕ್ಕದೆ ಬಿಟ್ಟ ಚಿಪ್ಪಿಗಳು

ಮೂಡುಬಿದಿರೆಯಿಂದ ಶಿರ್ತಾಡಿಯಾಗಿ ನಾರಾವಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಪೂವಮ್ಮನ ಪಕ್ಕ ಕೂತವರು ಕೇಳುವ ಪ್ರಶ್ನೆ ಒಂದೇ: "ಕಾಲೇಜಿನಲ್ಲಿ ನಿಮಗೆ ಎಂಥ ಕೆಲಸ?" ಗುಡಿಸುವುದು, ಒರೆಸುವುದು ಎಂದು ಹೇಳುತ್ತಿದ್ದ ಕಾಲದಲ್ಲಿ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ "ಚಿಪ್ಪಿ ಹೆಕ್ಕುವುದು" ಎಂದರೆ ಜನ ನಗುತ್ತಾರೆ. "ಕಾಲೇಜಿನಲ್ಲಿ ಚಿಪ್ಪಿಯಾ? ಸುಕ್ಕ ಮಾಡ್ಲಿಕ್ಕಾ?" ಆ ಚಿಪ್ಪಿ ಸಾಸಿವೆ ಕಾಳಿಗಿಂತ ಸಣ್ಣದು, ಸಾವಿರಾರು ವರ್ಷ ಹಳೆಯದು ಎಂದು ವಿವರಿಸಲು ಒಮ್ಮೆ ಹೊರಟಿದ್ದಳು. ಕೇಳುತ್ತಿದ್ದ ಹೆಂಗಸು ಮೆಲ್ಲಗೆ ಎದ್ದು ಮುಂದಿನ ಸೀಟಿಗೆ ಹೋದಳು. ಅಂದಿನಿಂದ ಪೂವಮ್ಮ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಾಳೆ.

ಮೂವತ್ತು ವರ್ಷ ಬೀಡಿ ಕಟ್ಟಿದ ಕೈ ಅವಳದು. ಆರು ಮಂದಿ ಹೆಂಗಸರು ಮಡಿಲಲ್ಲಿ ತಡ್ಪೆಯೆಂಬ ಮೊರ ಇಟ್ಟುಕೊಂಡು ಜಗಲಿಯಲ್ಲಿ ಸಾಲಾಗಿ ಕೂತರೆಂದರೆ ನಾರಾವಿಯ ಯಾವ ಮದುವೆಯೂ ಅವರ ಬಾಯಿಗೆ ಬೀಳದೆ ನಡೆಯುತ್ತಿರಲಿಲ್ಲ. ಆ ದುಡಿಮೆಯಲ್ಲೇ ತಂಗಿ ಕಾಂತಿಯನ್ನು ಕೊಕ್ಕಡಕ್ಕೆ ಕೊಟ್ಟದ್ದಾಯಿತು. ಪೂವಮ್ಮನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ, ತಾನಾಗಿ ಎತ್ತಲು ಅವಳಿಗೆ ನಾಚಿಕೆ. ಆಮೇಲೆ ವಾರಕ್ಕೆ ಎರಡೇ ದಿನಕ್ಕಾಗುವಷ್ಟು ಬೀಡಿ ಎಲೆ ಸಿಗುವಂತಾಯಿತು. ಜಗಲಿಯವರು ಒಬ್ಬೊಬ್ಬರಾಗಿ ಗೇರುಬೀಜದ ಫ್ಯಾಕ್ಟರಿ ಸೇರಿದರು, ಅಮ್ಮ ತೀರಿಕೊಂಡಳು. ಪೂವಮ್ಮ ಕಾಲೇಜಿಗೆ ಬಂದು ಗುಡಿಸಲು ಹಿಡಿಸೂಡಿ ಹಿಡಿದಳು.

ಅದೇ ಕಾಲೇಜಿನಲ್ಲಿ ಶೋಧನ್ ಸರ್ ಎಂಬ ಮೇಷ್ಟ್ರು ಹಳೆಯ ಕಡಲುಗಳ ಬೆನ್ನು ಹತ್ತಿದವರು. ಅರಬ್ಬೀ ಕಡಲಿನ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು ಅವರ ಕೋಣೆಗೆ ಪೊಟ್ಟಣಗಳಲ್ಲಿ ಬರುತ್ತಿತ್ತು. ಆಳದ ಕೆಸರು ಹೆಚ್ಚು ಹಳೆಯದು. ತೊಳೆದು ಸೋಸಿದರೆ ಉಳಿಯುವುದು ಪುಟಾಣಿ ಜೀವಿಗಳ ಸುಣ್ಣದ ಚಿಪ್ಪಿ. ಅವು ಬದುಕಿದ್ದಾಗ ಕಡಲು ಎಷ್ಟು ಬಿಸಿಯಿತ್ತು, ಮಳೆ ಹೇಗೆ ಬರುತ್ತಿತ್ತು ಎಂಬುದರ ಗುರುತು ಆ ಚಿಪ್ಪಿಯಲ್ಲಿ ಉಳಿದಿರುತ್ತದಂತೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ, ಪೊಟ್ಟಣಕ್ಕೆ ಮುನ್ನೂರರಂತೆ ಸಣ್ಣ ಕಪ್ಪು ಪಟ್ಟಿಗೆ ಅಂಟಿಸಬೇಕು. ವಿದ್ಯಾರ್ಥಿಗಳು ವಾರದೊಳಗೆ ಕುತ್ತಿಗೆ ನೋವೆಂದು ಕಾಲು ಕಿತ್ತರು. ಸರ್ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಎದುರಿಗೆ ಪೂವಮ್ಮ ಮೇಜು ಒರೆಸುತ್ತಿದ್ದಳು. ಅವಳ ಬೆರಳಿನ ಚುರುಕು ಅವರ ಕಣ್ಣಿಗೆ ಬಿತ್ತು.

"ನೀವು ಬೀಡಿ ಕಟ್ಟಿದವರಾ?"

"ಹೌದು ಸರ್."

"ಇಲ್ಲಿ ಕೂತ್ಕೊಳ್ಳಿ. ಚಿಪ್ಪಿ ಕಾಣ್ತದಲ್ಲ? ಹೆಕ್ಕಿ. ಉಳಿದದ್ದನ್ನು ಬಾಟಲಿಗೆ ಹಾಕಿ, ಎಂಥದ್ದೂ ಬಿಸಾಡ್ಬೇಡಿ."

ಅವಳಿಗಾದ ಪಾಠ ಇಷ್ಟೇ. ವಿದ್ಯಾರ್ಥಿಗಳಿಗೆ ಮೂರು ದಿನ ಕೊರೆದದ್ದನ್ನು ಇವಳಿಗೂ ಹೇಳಬೇಕೆಂದು ಸರ್‌ಗೆ ಹೊಳೆಯಲಿಲ್ಲ. ಕಲಿತವರ ಮರೆವು ಇಂಥದ್ದೇ.

ಎರಡು ವರ್ಷ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತಿಗೆ ಜನವಿಲ್ಲದೆ ಮೊದಮೊದಲು ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ. ಸಂಜೆ ಸರ್ ಬಾಗಿಲಲ್ಲಿ ನಿಂತು "ನಾಳೆ ನೋಡುವ, ಪೂವಮ್ಮ" ಎನ್ನುತ್ತಿದ್ದರು. ಇಡೀ ದಿನದಲ್ಲಿ ಅವಳ ಹೆಸರು ಹಿಡಿದು ಒಬ್ಬರು ಆಡುವ ಮಾತು ಅದೊಂದೇ. ಮನೆಯ ಬೀಗ ತೆಗೆಯುವ ತನಕ ಅದು ಅವಳ ಕಿವಿಯಲ್ಲಿರುತ್ತಿತ್ತು.

ಒಂದು ಶನಿವಾರ ಬಂಟ್ವಾಳದಲ್ಲಿ ಸರ್ ಅವರ ಭಾಷಣವಿತ್ತು. ನೇತ್ರಾವತಿ ಪೇಟೆಗೆ ನುಗ್ಗುವುದನ್ನು ನೋಡಿ ನೋಡಿ ಸಾಕಾದ ಊರು ಅದು. ಇನ್ನು ಮುಂದೆ ಮಳೆಯ ಗತಿ ಏನೆಂದು ಕೇಳಲು ಅಂಗಡಿಯ ಬಾಗಿಲು ಎಳೆದು ಬಂದವರೂ ಇದ್ದರು. ಸರ್ ಪೂವಮ್ಮನನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. "ಇದೆಲ್ಲ ಇವರ ಬೆರಳಿನ ಕೆಲಸ" ಎಂದು ಎದ್ದು ನಿಲ್ಲಿಸಿದರು. ಸಭೆ ಚಪ್ಪಾಳೆ ತಟ್ಟಿತು. ಐವತ್ತಮೂರು ವರ್ಷಕ್ಕೆ ಅವಳಿಗೆ ಸಿಕ್ಕಿದ ಮೊದಲ ಚಪ್ಪಾಳೆ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಪರದೆಯ ಮೇಲೆ ಅವಳು ಹೆಕ್ಕಿದ ಚಿಪ್ಪಿಗಳು ಬೆಳ್ಳಗೆ ಮೂಡಿದವು. ಸರ್ ಹೇಳಿದರು: "ಗಾಳಿಯಲ್ಲಿದ್ದ ಇಂಗಾಲವನ್ನು ಕಡಲು ಹೆಚ್ಚು ನುಂಗಿದರೆ ನೀರು ಹುಳಿಯಾಗ್ತದೆ. ಹುಳಿ ನೀರು ಚಿಪ್ಪಿಯನ್ನು ತಿನ್ತದೆ, ಚಿಪ್ಪಿ ಒಡೀತದೆ. ನಮ್ಮ ಇನ್ನೂರ ಹತ್ತು ಪೊಟ್ಟಣದಲ್ಲಿ ಒಡೆದ ಚಿಪ್ಪಿ ಒಂದೂ ಇಲ್ಲ! ಅಷ್ಟು ಸಾವಿರ ವರ್ಷ ಈ ಕಡಲು ನೆಮ್ಮದಿಯಾಗಿತ್ತು, ಅದರಿಂದ ಬರುವ ಮಳೆಯೂ. ಸೋಮವಾರ ಇದರ ಲೇಖನ ಪತ್ರಿಕೆಗೆ ಹೋಗ್ತದೆ, ಪೂವಮ್ಮನ ಹೆಸರೂ ಅದರಲ್ಲಿ ಉಂಟು."

ಪೂವಮ್ಮ ಪರದೆಯ ಕಡೆ ಮತ್ತೆ ನೋಡಿದಳು. ಒಡೆದದ್ದು ಒಂದೂ ಇಲ್ಲವೆ? ರಾಶಿ ರಾಶಿ ಇತ್ತಲ್ಲ!

ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತುಕ್ರಪ್ಪ ಎಂಬ ಚೆಕ್ಕರ್ ಇದ್ದ. ಕಟ್ಟು ಬಿಚ್ಚಿ, ಬಾಯಿ ಹರಿದದ್ದು, ಸೊಂಟ ಬಗ್ಗಿದ್ದು ಎಲ್ಲವನ್ನೂ ಹೊರಗೆ ಹಾಕಿ, ಹತ್ತು ಜನರ ಎದುರು "ಇದು ಯಾರ ಕೈಯದ್ದು?" ಎಂದು ಎತ್ತಿ ತೋರಿಸುತ್ತಿದ್ದ. ಹದಿನೇಳರ ಪೂವಮ್ಮ ಒಮ್ಮೆ ಹಾಗೆ ತಲೆ ತಗ್ಗಿಸಿ ನಿಂತವಳು. ಅಂದಿನಿಂದ ಕೆಟ್ಟ ಮಾಲನ್ನು ಅವಳ ಕೈ ಯಾರ ಮುಂದೆಯೂ ಇಟ್ಟದ್ದಿಲ್ಲ. ಇಲ್ಲಿಯೂ ಅದೇ ಆಗಿತ್ತು. ಒಡೆದ ಚಿಪ್ಪಿಯನ್ನು ಕುಂಚದಿಂದ ಬದಿಗೆ ಸರಿಸಿ, ಇಡಿಯಾಗಿದ್ದದ್ದನ್ನೇ ಹುಡುಕಿ ಹುಡುಕಿ ಮುನ್ನೂರು ಮಾಡಿದ್ದಳು. ಸರ್‌ಗೆ ಚಂದದ್ದನ್ನೇ ಕೊಡಬೇಕೆಂಬ ಆಸೆ.

ಹಿಂದಿರುಗುವಾಗ ಕಾರಿನಲ್ಲಿ ಸರ್ ಮಕ್ಕಳಂತೆ ಖುಷಿಯಲ್ಲಿದ್ದರು. ಮೂಡುಬಿದಿರೆ ಬರುವ ತನಕ ಮಾತು ಅವಳ ನಾಲಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು. ಭಾನುವಾರ ಕಾಂತಿಗೆ ಫೋನ್ ಮಾಡಿದಳು.

"ಯಾರಿಗೆ ಗೊತ್ತಾಗ್ತದೆ ಅಕ್ಕ? ಸುಮ್ಮನೆ ಕೂತ್ಕೋ. ಇದ್ದ ಒಂದು ಕೆಲಸವೂ ಹೋದೀತು."

ಕೆಲಸ ಹೋದರೆ ಗಂಜಿಗೆ ಏನಾದರೂ ಆಗುತ್ತಿತ್ತು. ಅವಳ ಹೆದರಿಕೆ ಅದಲ್ಲ. ಸಂಜೆ ಬಾಗಿಲಲ್ಲಿ ನಿಂತು ಹೆಸರು ಕರೆಯುವವರು ಇಲ್ಲವಾಗುತ್ತಾರಲ್ಲ ಎಂದು ಅವಳಿಗೆ ಅಳು ಬಂತು. ಒಬ್ಬಳೇ ಕೂತು ಅತ್ತಳು. ಆದರೆ ಬಂಟ್ವಾಳದ ಅಂಗಡಿಯವರು ನಂಬಿಕೊಂಡು ಕೇಳಿಸಿಕೊಂಡದ್ದು ಕಣ್ಣ ಮುಂದೆಯೇ ಇತ್ತು. ಚಪ್ಪಾಳೆ ತಟ್ಟಿಸಿಕೊಂಡವಳು ತಾನೇ ಅಲ್ಲವೆ?

ಸೋಮವಾರ ಮೊದಲ ಬಸ್ಸಿಗೇ ಹೋದಳು. ಸರ್ ಬಂದೊಡನೆ ನಿಂತೇ ಹೇಳಿದಳು.

"ಒಡೆದದ್ದು ಇತ್ತು ಸರ್. ನಾನು ಹೆಕ್ಕಲಿಲ್ಲ. ಬೀಡಿಯ ಅಭ್ಯಾಸ."

"ಎಲ್ಲ ಪೊಟ್ಟಣದ್ದೂ?"

"ಎಲ್ಲದ್ದೂ. ಬಾಟಲಿಗಳಲ್ಲಿ ಹಾಗೇ ಉಂಟು."

ಸರ್ ಕಪಾಟಿನಲ್ಲಿದ್ದ ಇನ್ನೂರ ಹತ್ತು ಬಾಟಲಿಗಳನ್ನು ನೋಡಿದರು. ಲೇಖನ ಕಳಿಸಲು ತೆರೆದಿದ್ದ ಲ್ಯಾಪ್‌ಟಾಪ್ ಮುಚ್ಚಿದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ, ಎದ್ದು ಹೋದರು. ಸಂಜೆ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ.

ಮಾರನೆಯ ದಿನ ಅವಳನ್ನು ಬಾ ಎಂದವರಿಲ್ಲ, ಬರಬೇಡ ಎಂದವರೂ ಇಲ್ಲ. ಬಂದಳು. ಒಂದನೇ ಬಾಟಲಿಯನ್ನು ತಟ್ಟೆಗೆ ಸುರಿದು ಒಡೆದದ್ದನ್ನು ಹೆಕ್ಕತೊಡಗಿದಳು. ಅಂಚು ಸವೆದದ್ದು, ಹೊಟ್ಟೆ ತೂತಾದದ್ದು, ಬರೀ ಅರ್ಧ ಉಳಿದದ್ದು. ಇಡೀ ಚಿಪ್ಪಿಯನ್ನು ಎತ್ತುವುದಕ್ಕಿಂತ ಇದು ಕಷ್ಟ. ಕುಂಚ ತುಸು ಒತ್ತಿದರೂ ಪುಡಿ. ಹನ್ನೊಂದು ದಿನ ಸರ್ ಅವಳೊಡನೆ ಮಾತಾಡಲಿಲ್ಲ. ಆ ದಿನಗಳಲ್ಲಿ ಒಮ್ಮೆ ಬಸ್ಸಿನಲ್ಲಿ ಮುದುಕನಾದ ತುಕ್ರಪ್ಪನೇ ಪಕ್ಕದಲ್ಲಿ ಬಂದು ಕೂತ.

"ಈಗ ಎಂಥ ಕೆಲಸ ಮಾರಾಯ್ತಿ?"

"ನೀವು ಹೊರಗೆ ಹಾಕ್ತಿದ್ರಲ್ಲ ತುಕ್ರಪ್ಪಣ್ಣ, ಅಂಥದ್ದನ್ನು ಹೆಕ್ಕುವುದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಕಿಟಕಿಯ ಕಡೆಗೆ ತಿರುಗಿದಳು.

ಹನ್ನೆರಡನೆಯ ದಿನ ಸರ್ ಒಳಗೆ ಬಂದು, ಅವಳನ್ನು ಏಳಿಸಿ, ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರು. ತುಂಬ ಹೊತ್ತು ನೋಡಿದರು. ಮುನ್ನೂರು ಇಡೀ ಚಿಪ್ಪಿಯಿದ್ದ ಪೊಟ್ಟಣದಲ್ಲಿ ನಾನೂರಕ್ಕೂ ಮಿಕ್ಕಿ ಒಡೆದ ಚಿಪ್ಪಿಗಳಿದ್ದವು.

"ಈ ಕಡಲಿಗೆ ನೆಮ್ಮದಿ ಇರಲಿಲ್ಲ" ಎಂದರು, ತಮ್ಮಷ್ಟಕ್ಕೆ. ಆಮೇಲೆ, "ಒಡೆದದ್ದನ್ನೂ ಹೆಕ್ಕಬೇಕೆಂದು ನಾನು ಹೇಳಿಕೊಡಬೇಕಿತ್ತು" ಎಂದರು.

ಅವಳು ಎರಡನೇ ಬಾಟಲಿಯ ಮುಚ್ಚಳ ತೆಗೆದಳು. ಇನ್ನೂರ ಒಂಬತ್ತು ಬಾಕಿ ಇದ್ದವು. ಸಂಜೆ ಹೆಜ್ಜೆಯ ಸದ್ದು ಬಾಗಿಲಿನ ತನಕ ಹೋಗಿ ನಿಂತಿತು.

"ನಾಳೆ ನೋಡುವ, ಪೂವಮ್ಮ."

ಬಸ್ಸಿನಲ್ಲಿ ಅಂದು ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ನಾರಾವಿಯಲ್ಲಿ ಇಳಿದು, ಮನೆಗೆ ನಡೆದು, ಬೀಗ ತೆಗೆದು, ಒಳಗಿನ ಖಾಲಿ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ನಾಳೆ ಹೋಗ್ಲಿಕ್ಕುಂಟು."