ಇಸ್ತ್ರಿಯಮ್ಮ ಹಾಸಿದ ಹಾಸಿಗೆ

ನಮ್ಮ ಚಿಕ್ಕಮ್ಮ ಹೋಟೆಲಿನ ಕೆಲಸ ಬಿಟ್ಟು ಆಸ್ಪತ್ರೆಗೆ ಸೇರಿದಾಗ ಮನೆಯವರೆಲ್ಲ ಮೂಗು ಮುರಿದರು. ಹೋಟೆಲಿನ ರೂಮುಗಳಲ್ಲಿ ಹಾಸಿಗೆ ಹಾಸುತ್ತಿದ್ದವಳು ಆಸ್ಪತ್ರೆಯಲ್ಲೂ ಅದನ್ನೇ ಮಾಡುವುದಾದರೆ ಹೋಗುವುದಾದರೂ ಏಕೆ ಎಂದು ಅವಳ ಅಕ್ಕ, ಅಂದರೆ ನಮ್ಮಮ್ಮ, ಕೇಳಿದಳು.

"ಹೋಟೆಲಿಗೆ ಸುಸ್ತಾದವರು ಬರ್ತಾರೆ ಅಕ್ಕಾ. ಆಸ್ಪತ್ರೆಗೆ ಹೆದರಿಕೊಂಡವರು ಬರ್ತಾರೆ," ಎಂದಷ್ಟೇ ಹೇಳಿ ಚಿಕ್ಕಮ್ಮ ಕೆಲಸಕ್ಕೆ ಹೊರಟಳು.

ಅವಳು ಚಾದರದ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ, ಗಾದಿಯ ಅಡಿಗೆ ಸಿಕ್ಕಿಸಿ, ಅಂಗೈಯಿಂದ ಒಮ್ಮೆ ಸವರಿದರೆ ಸಾಕು, ಸುಕ್ಕು ಹೇಳಹೆಸರಿಲ್ಲದೆ ಮಾಯ. ವಾರ್ಡಿನವರು ಅವಳನ್ನು ಇಸ್ತ್ರಿಯಮ್ಮ ಎಂದು ಕರೆದದ್ದು ಅದಕ್ಕೇ. ಆದರೆ ನಾನು ಮಾರುಹೋದದ್ದು ಚಾದರಕ್ಕಲ್ಲ. ಹೊಸ ರೋಗಿ ಬಂದರೆ ಉಳಿದವರು "ಅದೋ, ಕಿಟಕಿ ಪಕ್ಕದ್ದು" ಎಂದು ಕೈ ತೋರಿಸಿ ನಡೆದುಬಿಡುತ್ತಿದ್ದರು. ಚಿಕ್ಕಮ್ಮ ಮಂಚದ ಪಕ್ಕ ನಿಂತು, ಹೊದಿಕೆಯ ಒಂದು ಅಂಚನ್ನು ಮಡಚಿ ತೆರೆದು, "ಬನ್ನಿ, ನಿಮಗೋಸ್ಕರಾನೇ ಹಾಸಿದ್ದೀನಿ" ಎನ್ನುತ್ತಿದ್ದಳು. ದಿನಕ್ಕೆ ಎಷ್ಟು ಜನರಿಗೆ ಹೇಳಿದರೂ ಆ ಮಾತು ಅವಳ ಬಾಯಲ್ಲಿ ಹಳಸುತ್ತಿರಲಿಲ್ಲ. ಮುಖ ಗಂಟಿಕ್ಕಿಕೊಂಡು ಬಂದ ಗಡವ ಗಂಡಸರೂ ಚಪ್ಪಲಿ ಬಿಟ್ಟು ಮಕ್ಕಳ ಹಾಗೆ ಹಾಸಿಗೆ ಹತ್ತುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನದು ನಿಘಂಟು ಕಚೇರಿಯಲ್ಲಿ ಕೆಲಸ, ಪದಗಳ ತವರುಮನೆ ಹುಡುಕುವುದು. ಒಂದು ದಿನ ಹೋಟೆಲ್ ಎಂಬ ಪದದ ಬೆನ್ನು ಹತ್ತಿದವಳು ಕುರ್ಚಿ ಬಿಟ್ಟು ಎದ್ದು ನಿಂತೆ. ಲ್ಯಾಟಿನ್ನಿನಲ್ಲಿ ಹೋಸ್ಪೆಸ್ ಎಂಬ ಮಾತಿದೆ. ಮನೆಗೆ ಬಂದವನೂ ಹೋಸ್ಪೆಸ್, ಬಾಗಿಲು ತೆರೆದು ಬರಮಾಡಿಕೊಂಡವನೂ ಹೋಸ್ಪೆಸ್. ಆ ಬೇರಿನಿಂದ ದಾರಿಹೋಕರು ತಂಗುವ ಮನೆಗೆ ಒಂದು ಹೆಸರು ಹುಟ್ಟಿತು. ಅದು ಫ್ರೆಂಚರ ಬಾಯಲ್ಲಿ ಸವೆದು ಸವೆದು ಹೋಟೆಲ್ ಆಯಿತು, ಇನ್ನೊಂದು ದಾರಿ ಹಿಡಿದು ಹಾಸ್ಪಿಟಲ್ ಆಯಿತು, ನಮ್ಮ ನಾಲಿಗೆಗೆ ಸಿಕ್ಕು ಆಸ್ಪತ್ರೆ ಆಯಿತು. ನಡುವೆ ಹಾಸ್ಟೆಲ್ ಕೂಡ ಇದೇ ಮನೆಯ ಕೂಸು. ಇಂಗ್ಲಿಷಿನವರು ಬಂದವರಿಗೊಂದು, ಕರೆದವರಿಗೊಂದು ಪದ ಇಟ್ಟುಕೊಂಡರೆ, ಫ್ರೆಂಚರಲ್ಲಿ ಇವತ್ತಿಗೂ ಇಬ್ಬರಿಗೂ ಒಂದೇ.

"ನೀನು ಕೆಲಸ ಬದಲಾಯಿಸಲೇ ಇಲ್ಲ ಚಿಕ್ಕಮ್ಮ! ಹೋಟೆಲು, ಆಸ್ಪತ್ರೆ ಎರಡೂ ಒಂದೇ ತಾಯಿ ಮಕ್ಕಳು," ಎಂದು ಓಡಿಹೋಗಿ ಹೇಳಿದೆ.

"ಇದನ್ನ ಕಂಡುಹಿಡಿಯೋಕೆ ನಿನಗೆ ಸಂಬಳ ಬೇರೆ ಕೊಡ್ತಾರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗೊತ್ತಾಯಿತು, ಹೊಟ್ಟೆ ಹಿಡಿದುಕೊಂಡದ್ದು ಬರೀ ನಗುವಿಗಲ್ಲ.

ಒಳಗೆ ಗಡ್ಡೆ ಬೆಳೆದಿತ್ತು. ವಾರ್ಡಿನಲ್ಲಿ ಕೆಲಸಕ್ಕೆ ಜನ ಸಾಲದು ಎಂದು ಅವಳೇ ಆಪರೇಷನ್ನನ್ನು ಮುಂದೂಡುತ್ತ ಬಂದಿದ್ದಳು. ಇನ್ನು ತಡಮಾಡಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಗದರಿದ ಮೇಲೆ ಬೇರೊಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಅವಳ ಗುರುತು ಯಾರಿಗೂ ಇಲ್ಲ. ಯಾರೋ ಮಂಚದ ಕಡೆ ಕೈ ತೋರಿಸಿ ಹೋದರು. ಅವಳು ಬಸ್ಸಿಗೆ ಕಾಯುವವಳ ಹಾಗೆ ಅದರ ಅಂಚಿನಲ್ಲಿ ಕೂತಳು.

ಆಪರೇಷನ್ನಿನ ಬೆಳಿಗ್ಗೆ ನಾನು ಹೋಗಿ ನೋಡಿದರೆ ಅವಳ ಹಾಸಿಗೆಯಲ್ಲಿ ಬೇರೊಬ್ಬ ಹೆಂಗಸು ಮಲಗಿದ್ದಾಳೆ. ಹುಡುಕುತ್ತ ಹೊರಗೆ ಓಡಿದೆ. ಚಿಕ್ಕಮ್ಮ ಬೆಂಚಿನ ಮೇಲಿದ್ದಳು.

ಆದದ್ದು ಇಷ್ಟು. ಎದ್ದವಳೇ ಹಳೇ ಅಭ್ಯಾಸದಂತೆ ತನ್ನ ಹಾಸಿಗೆಯ ಚಾದರ ಕಿತ್ತು, ವಾರ್ಡಿನ ಬಟ್ಟೆ ಗಾಡಿಯಿಂದ ಒಗೆದದ್ದನ್ನು ತಂದು, ತನ್ನ ಶೈಲಿಯಲ್ಲಿ ಹಾಸಿ, ಮುಖ ತೊಳೆಯಲು ಹೋಗಿದ್ದಾಳೆ. ಅಷ್ಟು ಚೊಕ್ಕಟವಾದ ಹಾಸಿಗೆ ಖಾಲಿ ಇದೆ ಎಂದುಕೊಂಡು ಸಿಸ್ಟರ್ ಹೊಸ ರೋಗಿಯನ್ನು ಕಳಿಸಿದ್ದಾರೆ. ಮುಖ ಒರೆಸಿಕೊಳ್ಳುತ್ತ ಬಂದ ಚಿಕ್ಕಮ್ಮ, ಮಂಚದ ಬಳಿ ಗಡಗಡ ನಡುಗುತ್ತ ನಿಂತಿದ್ದವಳನ್ನು ನೋಡಿ ಹೊದಿಕೆಯ ಅಂಚು ತೆರೆದು, "ಬನ್ನಿ, ನಿಮಗೋಸ್ಕರಾನೇ ಹಾಸಿದ್ದೀನಿ" ಎಂದುಬಿಟ್ಟಿದ್ದಾಳೆ.

"ನಿನಗೇನು ತಲೆ ಕೆಟ್ಟಿದೆಯಾ? ಡಾಕ್ಟರು ಬಂದಾಗ ನೀನು ಇಲ್ಲ ಅಂದ್ರೆ ಇವತ್ತೂ ತಪ್ಪಿಹೋಗುತ್ತೆ!" ಎಂದು ಕೂಗಾಡಿದೆ.

"ಪಾಪ, ಈಗ ತಾನೇ ಕಣ್ಣು ಮುಚ್ಚಿದ್ದಾಳೆ. ಎಬ್ಬಿಸಬೇಡ ಕಣೇ," ಎಂದಳು. ಆಮೇಲೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, "ನನಗೂ ಹೆದರಿಕೆ ಆಗ್ತಿದೆ. ಅದಕ್ಕೇ ಕೈಗೆ ಒಂದು ಕೆಲಸ ಕೊಟ್ಟೆ," ಎಂದಳು.

ಅವಳ ಬಾಯಲ್ಲಿ ಹೆದರಿಕೆ ಎಂಬ ಮಾತು ತನ್ನ ಬಗ್ಗೆ ಬಂದದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ಸಿಸ್ಟರ್ ಹತ್ತಿರ ಓಡಿದೆ. ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡು, ಮೂಲೆಯಲ್ಲಿದ್ದ ಮಂಚವೊಂದನ್ನು ತಳ್ಳಿಸಿ ತಂದು, ಗಾದಿಯ ಮೇಲೆ ಚಾದರ ಇಟ್ಟು, ಫೋನು ಬಡಿದುಕೊಂಡದ್ದಕ್ಕೆ ಅತ್ತ ಓಡಿದರು. ಡಾಕ್ಟರು ಮೆಟ್ಟಿಲ ಹತ್ತಿರ ಮಾತಾಡುವುದು ಆಗಲೇ ಕೇಳಿಸುತ್ತಿತ್ತು.

ನಾನೇ ಹಾಸಿದೆ. ಮೂಲೆಗಳನ್ನು ಅವಳು ಮಡಚುವುದನ್ನು ಕಂಡಷ್ಟರ ಮಟ್ಟಿಗೆ ಮಡಚಿದೆ, ಅಂಗೈಯಿಂದ ಸವರಿದೆ, ಹೊದಿಕೆಯ ಅಂಚು ತೆರೆದು ಪಕ್ಕದಲ್ಲಿ ನಿಂತೆ.

"ಬಾ ಚಿಕ್ಕಮ್ಮ, ನಿನಗೋಸ್ಕರಾನೇ ಹಾಸಿದ್ದೀನಿ."

ಅವಳು ಹಾಸಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಕಾಲಬದಿಯ ಒಂದು ಮೂಲೆ ಆಗಲೇ ಕಿತ್ತುಬಂದಿತ್ತು. ಅವಳ ಕೈ ಅತ್ತ ಹೋಯಿತು, ಅರ್ಧಕ್ಕೇ ನಿಂತಿತು. ಚಪ್ಪಲಿ ಬಿಟ್ಟು ಹತ್ತಿ ಮಲಗಿದಳು.

ಸಂಜೆ ಅರಿವಳಿಕೆಯ ಮತ್ತು ಇಳಿದು ಕಣ್ಣು ಬಿಟ್ಟವಳು ನನ್ನ ಕೈ ಹುಡುಕಿ ಹಿಡಿದುಕೊಂಡು ಆಡಿದ ಮೊದಲ ಮಾತು, "ಆ ಮೂಲೆ ಒಂಚೂರು ಸಿಕ್ಕಿಸೇ."