ಬಸ್ಸಿನಲ್ಲಿ ಬರುತ್ತಿದ್ದ ಆಟ

ನನಗೆ ಇನ್ನೂರು ಎಕರೆ ಜಮೀನಿದೆ ಎಂದರೆ ಚಳ್ಳಕೆರೆಯಲ್ಲಿ ಯಾರೂ ನಂಬುವುದಿಲ್ಲ. ನೀವೂ ನಂಬಬೇಡಿ. ಅದು ಇರುವುದು ನಮ್ಮ ನಡುಮನೆಯ ಟಿ.ವಿ.ಯೊಳಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ, ಸಂಜೆಯಾದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸು ನಾನು. ಭಾನುವಾರ ಮಾತ್ರ ತಿಂಡಿ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು ವಿಡಿಯೋ ಗೇಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತೇನೆ. ಬಾಗಿಲು ಹಾಕುವುದು ನಾಚಿಕೆಯಿಂದಲ್ಲ. ಪಕ್ಕದ ಮನೆಯಾಕೆ ಒಮ್ಮೆ ನೋಡಿದವಳು, "ಟೀಚರ್, ನಂಗೂ ಒಂದು ಸಾಲು ಹೊಡೆಯಕ್ಕೆ ಕೊಡ್ರಿ" ಎಂದು ಕೂತು, ನಾನು ಬಿತ್ತಿದ್ದ ಗೋಧಿಯ ಮೇಲೆಲ್ಲ ಟ್ರ್ಯಾಕ್ಟರ್ ಹತ್ತಿಸಿ ಹೋದಳು.

ಆಟದ ಪೆಟ್ಟಿಗೆ ಮಗನದು. ಓದಲು ದಾವಣಗೆರೆಗೆ ಹೋದಾಗ ಹಾಸ್ಟೆಲಿನಲ್ಲಿ ಬಿಡುವುದಿಲ್ಲವೆಂದು ಇಲ್ಲೇ ಬಿಟ್ಟುಹೋದ. ಧೂಳು ಒರೆಸಲು ಹೋದವಳು ರಿಮೋಟು ಕೈಗೆತ್ತಿಕೊಂಡೆ, ಧೂಳು ಹಾಗೇ ಉಳಿಯಿತು. ಮೊಳಕಾಲ್ಮುರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ನನ್ನ ತಮ್ಮ ಓಬಳೇಶನ ಮನೆಯಲ್ಲೂ ಅಂಥದೇ ಪೆಟ್ಟಿಗೆಯಿತ್ತು. ಇಬ್ಬರೂ ಅರ್ಧರ್ಧ ದುಡ್ಡು ಹಾಕಿ ಬೇಸಾಯದ ಆಟದ ಡಿಸ್ಕ್ ಒಂದನ್ನು ತರಿಸಿಕೊಂಡೆವು.

ನಮ್ಮದು ದೇವಸಮುದ್ರದ ಕಡೆಯ ಕುರಿ ಕಾಯುವ ಮನೆತನ. ಅಪ್ಪನ ಹೊಲವೆಂದರೆ ಕಲ್ಲುಗಳ ನಡುವೆ ಅಲ್ಲಲ್ಲಿ ಸ್ವಲ್ಪ ಮಣ್ಣು. ಅಂಥವರ ಮಕ್ಕಳು ಕೂತಲ್ಲೇ ಗುಂಡಿ ಒತ್ತಿ ಎಕರೆಗಟ್ಟಲೆ ಉಳುವುದೆಂದರೆ ಸಾಮಾನ್ಯವೇ! ಆಟದ ಊರಿನಲ್ಲಿ ಮಳೆ ಹೇಳಿದ ಹೊತ್ತಿಗೆ ಬರುತ್ತದೆ. ಆದರೆ ಶೇಂಗಾ ಇಲ್ಲ. ಶೇಂಗಾ ಇಲ್ಲದ್ದು ಯಾವ ಸೀಮೆಯ ಬೇಸಾಯ ಎಂದು ಚಳ್ಳಕೆರೆಯವಳಾದ ನನಗೆ ಮೊದಲ ದಿನವೇ ಸಿಟ್ಟು ಬಂತು. ಓಬಳೇಶನ ತಕರಾರು ಕುರಿಗಳ ಮೇಲೆ. ಅವು ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ, ನಿಂತಲ್ಲಿಗೇ ಮೇವು ನೀರು ಒದಗಿಸಬೇಕು. "ಇವೇನು ಕುರಿಯೇನಕ್ಕ, ಬೀಗರಾ? ಕುಂತಲ್ಲಿಗೇ ಬಡಿಸ್ಬೇಕಲ್ಲ!" ಎನ್ನುತ್ತಿದ್ದ.

ಈ ಆಟದ ಮರ್ಮ ಇಷ್ಟು. ನಾವು ಬೆಳೆಸಿದ ಹೊಲ ನಮ್ಮ ನಮ್ಮ ಪೆಟ್ಟಿಗೆಯೊಳಗೇ ಇರುತ್ತದೆ, ಆದರೆ ಡಿಸ್ಕ್ ಒಳಗೆ ಹಾಕದೆ ಅದರ ಬಾಗಿಲು ತೆರೆಯುವುದಿಲ್ಲ. ಮನೆ ಎರಡು, ಬೀಗದ ಕೈ ಒಂದು. ಹಾಗಾಗಿ ಡಿಸ್ಕ್ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ತಳಕು ಊರಿನ ಮೇಲೆ ಹಾದುಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರು ಅದನ್ನು ಒಯ್ಯುತ್ತಿದ್ದರು. ನಮ್ಮ ಕಡೆ ಬಸ್ಸೆಂದರೆ ಬರೀ ಜನ ಓಡಾಡುವುದಕ್ಕಲ್ಲ. ಬುತ್ತಿ, ಔಷಧಿ, ಲಗ್ನಪತ್ರಿಕೆ, ರಿಪೇರಿಯಾದ ಮಿಕ್ಸಿ ಎಲ್ಲವೂ ಡ್ರೈವರಿನ ಪಕ್ಕದಲ್ಲಿ ಕೂತು ಪ್ರಯಾಣ ಮಾಡುತ್ತವೆ.

ಇನ್ನೊಂದು ಪದ್ಧತಿ ನಿಮಗೂ ಗೊತ್ತಿರಬೇಕು. ಒಬ್ಬರ ಮನೆಯ ಪಾತ್ರೆ ಹಿಂದಿರುಗಿಸುವಾಗ ಬರಿದು ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಹಾಕಬೇಕು. ಅವ್ವ ಇದನ್ನು ಅದೆಷ್ಟು ಬಡಿದು ಕಲಿಸಿದ್ದಳೆಂದರೆ, ಡಿಸ್ಕಿನ ಚೀಲಕ್ಕೂ ನಾವು ಅದೇ ನಿಯಮ ಹಚ್ಚಿದೆವು. ನನ್ನಿಂದ ಶೇಂಗಾ ಚಟ್ನಿಪುಡಿ ಹೋಗುತ್ತಿತ್ತು. ಅಲ್ಲಿಂದ ಹುಣಸೆಹಣ್ಣು, ಕಾಲಕ್ಕೆ ಸೀತಾಫಲ. ನಮ್ಮ ಯಜಮಾನರಂತೂ, "ಈ ವಾರ ಗೇಮ್ ಏನು ಬಂದಿದೆ, ಹಣ್ಣಾಗಿದೆಯೋ ಕಾಯೋ?" ಎಂದು ಕೇಳುತ್ತಿದ್ದರು.

ಹೀಗೆ ಸುಖವಾಗಿದ್ದ ನಮಗೆ ಜಗಳವಾಯಿತು. ಓಬಳೇಶ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದಲ್ಲಿ ಹಾಲುಕ್ಕಿಸುವುದು ಮನೆಯ ಹೆಣ್ಣುಮಗಳ ಹಕ್ಕು. ರೇಷ್ಮೆ ಸೀರೆ ಉಟ್ಟು ಹೊರಟ ನನ್ನ ಬಸ್ಸು ತಳಕಿನ ಆಚೆ ಕೆಟ್ಟು ನಿಂತಿತು. ನಾನು ಹೋಗಿ ಇಳಿಯುವಷ್ಟರಲ್ಲಿ, ಮುಹೂರ್ತ ಮೀರುತ್ತದೆಂದು, ಅವನ ಹೆಂಡತಿ ಶಾರದಳ ತಾಯಿ ಹಾಲುಕ್ಕಿಸಿ ಮುಗಿಸಿದ್ದರು. ನಾನು ಊಟ ಮಾಡದೆ ಅದೇ ಕಾಲಲ್ಲಿ ತಿರುಗಿ ಬಂದೆ. ಹಾಲುಕ್ಕಿಸಲು ನನಗಾಗಿ ಕಾಯಲಿಲ್ಲವೆಂದು ನನ್ನ ಸಿಟ್ಟು, ಎಲೆ ಹಾಕಿದ ಮನೆಯಿಂದ ಉಣ್ಣದೆ ಹೋದಳೆಂದು ಅವನ ಸಿಟ್ಟು. ಅಲ್ಲಿಗೆ ಮಾತು ನಿಂತಿತು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುವವಳು ನಾನೇ. ಆದರೂ ಫೋನು ಎತ್ತಲಿಲ್ಲ.

ಆಗ ಡಿಸ್ಕ್ ನನ್ನ ಹತ್ತಿರವಿತ್ತು, ವಾರ ಅವನದು. ಜಗಳ ನಮ್ಮದು, ಆಟ ಏನು ಪಾಪ ಮಾಡಿತ್ತು? ಚೀಲಕ್ಕೆ ಹಾಕಿ ಕಂಡಕ್ಟರಿಗೆ ಕೊಟ್ಟೆ. ಕೊಡುವಾಗ ಕೈ ತಡೆಯದೆ ಚಟ್ನಿಪುಡಿಯನ್ನೂ ಇಟ್ಟೆ. ಮುಂದಿನ ವಾರ ಹುಣಸೆಹಣ್ಣು ಬಂತು. ಹೀಗೇ ನಡೆಯಿತು, ಎರಡು ವರ್ಷ. ತಮ್ಮ ಮಾತಾಡುವುದಿಲ್ಲ, ಅವನ ಸೀತಾಫಲ ಮಾತ್ರ ತಪ್ಪದೆ ಬರುತ್ತದೆ. ನನಗೆ ಚಿಕೂನ್‌ಗುನ್ಯ ಬಂದು ಮಂಚ ಹಿಡಿದಾಗ ಯಾರು ಹೇಳಿದರೋ, ವಾರ ಅವನದಾಗಿದ್ದರೂ ಡಿಸ್ಕ್ ನನಗೇ ಬಂತು. ಜೊತೆಗೆ ಹುರುಳಿಕಟ್ಟಿನ ಸಾರಿನ ಡಬ್ಬಿ. ಗಂಟು ನೋವಿಗೆ ರಿಮೋಟು ಹಿಡಿಯಲೂ ಆಗದೆ, ಡಿಸ್ಕನ್ನು ದಿಂಬಿನ ಪಕ್ಕ ಇಟ್ಟುಕೊಂಡು ಚೆನ್ನಾಗಿ ಅತ್ತೆ. ಯಜಮಾನರು ನೋವು ಜಾಸ್ತಿಯಾಯಿತೆಂದು ಮಾತ್ರೆ ಕೊಟ್ಟರು. ನುಂಗಿದೆ.

ಈಗ ನನ್ನ ಭಯ ನಿಮಗೆ ಅರ್ಥವಾದೀತು. ಡಿಸ್ಕಿಗೆ ಗೀರು ಬೀಳತೊಡಗಿತ್ತು. ಟ್ರ್ಯಾಕ್ಟರು ಅರ್ಧ ಸಾಲಿನಲ್ಲಿ ಗರ ಬಡಿದಂತೆ ನಿಂತುಬಿಡುತ್ತಿತ್ತು. ಇದು ಸತ್ತರೆ ಚೀಲ ನಿಲ್ಲುತ್ತದೆ, ಚೀಲ ನಿಂತರೆ ತಮ್ಮ ತಪ್ಪಿಹೋಗುತ್ತಾನೆ. ಆಟದ ಹೊಸ ಆವೃತ್ತಿಯೇನೋ ಬಂದಿತ್ತು, ಆದರೆ ಬೆಲೆ ಕೇಳಿದರೆ ಒಂದು ಕುರಿಮರಿಯ ಬೆಲೆ. ಮರಿಯಾದರೆ ಬೆಳೆದು ಕುರಿಯಾಗುತ್ತದೆ, ಇದು ಬೆಳೆದು ಏನಾಗಬೇಕು? ಅರ್ಧರ್ಧ ಹಾಕೋಣವೆಂದರೆ ತಮ್ಮನನ್ನು ಕೇಳಬೇಕು. ಕೇಳಬೇಕೆಂದರೆ ಮಾತಾಡಬೇಕು.

ಮಗನಿಗೆ ಫೋನು ಮಾಡಿದೆ. "ಡಿಸ್ಕ್ ಯಾಕಮ್ಮ, ಡಿಜಿಟಲ್ ತಗೋ, ಮನೇಲಿ ಕೂತಲ್ಲೇ ಇಳಿಯುತ್ತೆ" ಎಂದ. ಡಬ್ಬಿಯಿಲ್ಲ, ಡಿಸ್ಕಿಲ್ಲ, ಸಾಗಿಸುವ ಖರ್ಚಿಲ್ಲ, ಹಾಗಾದರೆ ಅಗ್ಗವಿರಬೇಕಲ್ಲ ಎಂದರೆ ಅದೂ ಅದೇ ಬೆಲೆಯಂತೆ! ಸಿಪ್ಪೆ ಸುಲಿದ ಶೇಂಗಾಕ್ಕೆ ಬೇರೆ ರೇಟು, ಸಿಪ್ಪೆ ಸಮೇತಕ್ಕೆ ಬೇರೆ ರೇಟು ಎನ್ನುವುದು ನಮ್ಮ ಮಾರುಕಟ್ಟೆಯ ಹಮಾಲರಿಗೂ ಗೊತ್ತು. ಅದು ಹಾಳಾಗಲಿ, ಸಣ್ಣ ಅಕ್ಷರದ ಕರಾರು ಓದಿದೆ. ನಾವು ಕೊಳ್ಳುವುದು ಆಟವನ್ನಲ್ಲವಂತೆ, ಆಡುವ ಅನುಮತಿಯನ್ನಂತೆ. ಬೇರೆಯವರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಇದೇನು ನನಗೆ ಹೊಸದಲ್ಲ. ಅಪ್ಪ ಸರ್ಕಾರದ ಕಾವಲಿನ ಹುಲ್ಲುಗಾವಲಲ್ಲಿ ಕುರಿ ಮೇಯಿಸಿಕೊಂಡೇ ಬಾಳಿದವನು. ಕಾವಲು ಅವನದಾಗಿರಲಿಲ್ಲ, ಮೇಯಿಸುವ ರೂಢಿ ಮಾತ್ರ ಅವನದಾಗಿತ್ತು. ಬೇಲಿ ಎದ್ದ ದಿನ ರೂಢಿಯೂ ಹೋಯಿತು, ಕುರಿಗಳು ಮಾತ್ರ ಬಹಳ ದಿನ ಬೇಲಿಯವರೆಗೆ ಹೋಗಿ ನಿಲ್ಲುತ್ತಿದ್ದವು. ಅನುಮತಿಯ ಬಾಳು ಎಂಥದೆಂದು ಅಂದೇ ನೋಡಿದ್ದೇನೆ. ನನಗೆ ಕೈಯಲ್ಲಿ ಹಿಡಿಯುವ ವಸ್ತುವೇ ಬೇಕು ಎಂದು ಮಗನಿಗೆ ಗದರಿ ಫೋನಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಕಂಡಕ್ಟರು ಚೀಲ ಕೊಡುತ್ತ, "ಹೊಸಾದಂತೆ ಮೇಡಂ, ಜ್ವಾಪಾನ ಅಂದವ್ರೆ ನಿಮ್ ತಮ್ಮಾರು" ಎಂದರು. ಚೀಲ ಹಗುರವಾಗಿತ್ತು. ಹುಣಸೆಯಿಲ್ಲ, ಹಣ್ಣಿಲ್ಲ. ಹೊಸ ಆಟದ ಹೊಳೆಯುವ ಡಬ್ಬಿಯೊಂದೇ. ಬಸ್‌ಸ್ಟ್ಯಾಂಡಿನಲ್ಲೇ ಬಿಚ್ಚಿದೆ. ಡಿಸ್ಕ್ ಇರಬೇಕಾದ ಕಡೆ ಏನೂ ಇಲ್ಲ. ಒಂದು ಚೀಟಿ, ಅದರ ಮೇಲೆ ಒಂದಿಷ್ಟು ಇಂಗ್ಲಿಷ್ ಅಕ್ಷರ, ಅಂಕಿ.

ಬರಿದು ಡಬ್ಬಿ! ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನು ಅಕ್ಕನಿಗೆ ಬರಿದು ಡಬ್ಬಿ ಕಳಿಸಿದ್ದಾನೆ! ಆಟ ತಾನಿಟ್ಟುಕೊಂಡು ಸಿಪ್ಪೆ ನನಗೆ ಎಸೆದಿದ್ದಾನೆ ಎಂದು ತಲೆ ಗಿಮ್ಮೆಂದಿತು. ಇಷ್ಟು ದಿನ ಹುಣಸೆಹಣ್ಣಿನಲ್ಲಿ ನಾನು ಓದಿಕೊಂಡ ಪ್ರೀತಿಯೆಲ್ಲ ಸುಳ್ಳೇ ಎನಿಸಿ ಕಣ್ಣು ತುಂಬಿತು. ಅತ್ತರೆ ಜನ ನೋಡುತ್ತಾರೆ, ಅದಕ್ಕೆ ಸಿಟ್ಟನ್ನೇ ಜೋರು ಮಾಡಿಕೊಂಡೆ. ಯಜಮಾನರಿಗೆ ಫೋನು ಮಾಡಿ ಅಡುಗೆ ನೀವೇ ಮಾಡಿಕೊಳ್ಳಿ ಎಂದು ಹೇಳಿ, ಮೊಳಕಾಲ್ಮುರಿಗೆ ಮೊದಲು ಹೊರಟ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಯ್ಯುವ ಮಾತುಗಳನ್ನು ಜೋಡಿಸಿಕೊಂಡೆ. ಕನ್ನಡ ಟೀಚರಾದ್ದಕ್ಕೆ ಒಳ್ಳೊಳ್ಳೆಯ ಮಾತುಗಳೇ ಸಿಕ್ಕವು.

ಬಾಗಿಲು ತೆಗೆದವನು ಓಬಳೇಶನೇ. ತಲೆ ನರೆತಿತ್ತು. ಎರಡು ವರ್ಷದಲ್ಲಿ ಇಷ್ಟು ನರೆಯಬಹುದೆಂದು ನಾನು ಎಣಿಸಿರಲಿಲ್ಲ. ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ, ಡಬ್ಬಿ ಮುಂದೆ ಹಿಡಿದು, "ಏನೋ ಇದು? ಬರಿದು ಡಬ್ಬಿ ಕಳಿಸ್ತೀಯೇನೋ ನಂಗೆ?" ಎಂದಷ್ಟೇ ಬಾಯಿಗೆ ಬಂತು.

"ಬರಿದೆಲ್ಲೈತಕ್ಕ? ಚೀಟಿ ಐತಲ್ಲ!" ಎಂದ. ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. "ಇದ್ರಾಗೆ ಸೀಡೀನೇ ಇಲ್ಲ ಕಣಕ್ಕ. ಆ ಚೀಟಿ ನಂಬರ್ ಶಾರದ ಒತ್ತಿದ್ಲು, ಗೇಮ್ ಬಂತು. ನಮ್ ವಾರ ಮುಗೀತು, ನಿನ್ ವಾರಕ್ಕೆ ನೀನೂ ಒತ್ಕಂತೀಯ ಅಂತ ಕಳಿಸ್ದೆ."

ಅಯ್ಯೋ ಶಿವನೇ! ಒಬ್ಬರು ಒಮ್ಮೆ ಒತ್ತಿದರೆ ಮುಗಿದುಹೋಗುವ ಚೀಟಿ ಅದು. ಬೀಗದ ಕೈಯೆಂದುಕೊಂಡು ನನ್ನ ತಮ್ಮ ಹರಿದ ಟಿಕೇಟನ್ನು ಬಸ್ಸಿಗೆ ಹತ್ತಿಸಿದ್ದ. ಪೂರ್ತಿ ದುಡ್ಡು ತಾನೇ ಕೊಟ್ಟಿದ್ದ. ಅರ್ಧ ಯಾಕೆ ಕೇಳಲಿಲ್ಲವೆಂದರೆ, ನೆಲ ನೋಡುತ್ತ, "ಕೇಳ್ಬೇಕಂದ್ರೆ ಮಾತಾಡ್ಬೇಕಿತ್ತಲ್ಲ" ಎಂದ. ಹುಣಸೆಹಣ್ಣು ಎಲ್ಲಿ ಎಂದು ಕೇಳಿದ್ದಕ್ಕೆ ಒಳಗಿನಿಂದ ಶಾರದ, "ಹೊಸ ಡಬ್ಬಿಗೆ ಕಲೆ ಆಗ್ತೈತೆ, ನಾಳೆ ಬ್ಯಾರೆ ಚೀಲದಾಗೆ ಕಳಿಸಾಣ ಅಂದ್ರಕ್ಕ ಅವ್ರು" ಎಂದಳು. ನನಗೆ ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ. ಓಬಳೇಶ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, ಸೆಕೆ ಎಂದ.

ಊಟವಾಯಿತು. ಹೊಸ ಆಟ ತೋರಿಸುತ್ತೇನೆಂದು ಟಿ.ವಿ. ಹಾಕಿ, ಪಾಸ್‌ವರ್ಡ್ ಒತ್ತಿ, ರಿಮೋಟು ನನ್ನ ಕೈಗಿಟ್ಟ. ಆಡುತ್ತ ಆಡುತ್ತ ನಮ್ಮ ಹಟ್ಟಿಗಳಲ್ಲಿ ಗಣೆಯೆಂಬ ಉದ್ದನೆಯ ಕೊಳಲು ಊದಿ ದೇವರ ಕಥೆ ಹಾಡುವವರು ನೆನಪಾದರು. ಅವರ ಕಥೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಗಂಟಲಲ್ಲಿತ್ತು. ಓಲೆಗರಿಯನ್ನಾದರೆ ಬಟ್ಟೆಯಲ್ಲಿ ಸುತ್ತಿ ಕಳಿಸಿಬಿಡಬಹುದು. ಗಂಟಲನ್ನು ಕಳಿಸಲಾಗುವುದಿಲ್ಲ, ಕಥೆ ಬೇಕಾದರೆ ಮನುಷ್ಯನೇ ಬರಬೇಕು, ಇಲ್ಲವೇ ನಾವೇ ಹೋಗಿ ಅವನೆದುರು ಕೂರಬೇಕು. ಎರಡು ವರ್ಷ ಡಿಸ್ಕು ನಮ್ಮಿಬ್ಬರ ಬದಲಿಗೆ ಬಸ್ಸಿನಲ್ಲಿ ಓಡಾಡಿತ್ತು. ಅದು ಓಡಾಡುತ್ತಿದ್ದುದರಿಂದಲೇ ನಾವು ಕದಲದೆ ಕೂತಿದ್ದೆವೇನೋ. ಬಯ್ದಿದ್ದ ಡಿಜಿಟಲ್ ಮಹಾಶಯನಿಗೆ ಮನಸ್ಸಿನಲ್ಲೇ ಕೈಮುಗಿದೆ. ಬೆಲೆಯ ವಿಷಯದಲ್ಲಿ ಮಾತ್ರ ಕೈಮುಗಿಯಲಿಲ್ಲ.

ಸಂಜೆ ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಬಂದ ಓಬಳೇಶ ಹೇಳಿದ. "ಅಂಗಡಿಯೋನಿಗೆ ಫೋನ್ ಮಾಡಿ ಕೇಳ್ದೆ ಅಕ್ಕ. ಪಾಸ್‌ವರ್ಡ್ ಕೊಟ್ರೆ ನಿಮ್ಮನೆ ಪೆಟ್ಟಿಗ್ಯಾಗೂ ಆಡ್ಬೋದಂತೆ. ನೀನು ಇಷ್ಟು ದೂರ ಬರೋದು ತಪ್ತೈತೆ."

ಶಾಲೆಯ ಇಪ್ಪತ್ತು ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುವ ನಾನು, "ಅವೆಲ್ಲ ನಂಗೆಲ್ಲಿ ತಿಳೀತಾವಪ್ಪ. ಭಾನುವಾರ ಬಂದೇ ಆಡ್ತೀನಿ ಬಿಡು" ಎಂದೆ.

"ಹೂಂ," ಎಂದ ಓಬಳೇಶ, ಬರುತ್ತಿದ್ದ ಬಸ್ಸನ್ನು ನೋಡುತ್ತ. "ನಂಗೂ ಆ ಪಾಸ್‌ವರ್ಡ್ ಮರ್ತೇ ಹೋಗೈತೆ ಕಣಕ್ಕ."