ಗೌಡರ ಮನೆಯ ಲಾಟೀನು

ಯಾರಾದರೂ ‘ಜಾಸ್ತಿ’, ‘ಕಡಿಮೆ’ ಎಂದರೆ ಸಾಕು, ನಮ್ಮೂರ ಶಾಲೆಯ ಮೇಷ್ಟ್ರ ಮೂಗಿನ ತುದಿ ಕೆಂಪಾಗುತ್ತಿತ್ತು. “ಯಾವುದಕ್ಕೆ ಹೋಲಿಸಿ?” ಎಂದು ಮೇಜು ಗುದ್ದುತ್ತಿದ್ದರು.

ಯುದ್ಧದ ಕಾಲ. ಒಂದು ಬೆಳಗ್ಗೆ ಮಾಕಳಿದುರ್ಗದ ಸುತ್ತಿನ ಊರುಗಳಲ್ಲಿ ನೆಲ ನಡುಗಿತು. ಅದು ಎಷ್ಟು ಜೋರಾಗಿತ್ತೆಂದು ಬರೆದುಕೊಳ್ಳಲು ಅಮಲ್ದಾರರ ಕಚೇರಿಯ ಗುಮಾಸ್ತ ಬಂದ. ನಮ್ಮ ಕಡೆ ಅದಕ್ಕೆ ಯಂತ್ರವಿರಲಿಲ್ಲ. ಪಾತ್ರೆ ಉರುಳಿತೇ, ಗೋಡೆ ಬಿತ್ತೇ ಎಂದು ಜನರನ್ನು ಕೇಳಿಯೇ ಅಳೆಯಬೇಕಿತ್ತು. ಅವನು ಕೇಳಿದ್ದು ಗೌಡರ ಕಲ್ಲುಮನೆಯ ಜಗುಲಿಯಲ್ಲಿ, ಕಾಫಿ ಕುಡಿಯುತ್ತ.

“ಲಾಟೀನು ವಸಿ ಅಲ್ಲಾಡ್ತು, ಅಷ್ಟೇಯ,” ಎಂದರು ಗೌಡರು.

“ಹಂಗಾದ್ರೆ ಸಣ್ಣದು ಬಿಡಿ,” ಎಂದು ಗುಮಾಸ್ತ ಎದ್ದ.

“ಯಾವುದಕ್ಕೆ ಹೋಲಿಸಿ?” ಬೀದಿಯಲ್ಲಿ ನಿಂತಿದ್ದ ಮೇಷ್ಟ್ರು ಅರಚಿದರು. ಅವನ ರಟ್ಟೆ ಹಿಡಿದು ಕೆಳಗಿನ ಕೇರಿಗೆ ಎಳೆದೊಯ್ದರು. ಊರೇ ಹಿಂದೆ ಹೋಯಿತು. ಅಲ್ಲಿ ಮಣ್ಣಿನ ಗೋಡೆಗಳು ಸಾಲಾಗಿ ಕುಸಿದಿದ್ದವು. ಕಾಲು ಜಜ್ಜಿಹೋದ ಅಜ್ಜಿಯೊಬ್ಬಳು ಹುಣಸೆಮರದ ಕೆಳಗೆ ಮಲಗಿದ್ದಳು.

“ಈಯಮ್ಮನ್ನ ಕೇಳ್ರೀ! ಕೇಳಿ ಬರ್ಕೊಳ್ರೀ!” ಮೇಷ್ಟ್ರು ಗುಮಾಸ್ತನನ್ನು ಮುಂದಕ್ಕೆ ದೂಡಿದರು.

ಗುಮಾಸ್ತ ಬಗ್ಗಿದ. “ಹೆಂಗಿತ್ತಜ್ಜಿ?”

ಅವಳು ಸಂಕೋಚದಿಂದ ಸೆರಗು ಎಳೆದುಕೊಂಡಳು. “ದೊಡ್ಡದೇನಲ್ಲ ಸ್ವಾಮಿ. ಗೌಡ್ರ ಮನೆಗೆ ಏನೂ ಆಗ್ಲಿಲ್ವಂತಲ್ಲ.”

“ಯಾವುದಕ್ಕೆ...” ಎಂದು ಮೇಷ್ಟ್ರು ಶುರುಮಾಡಿದರು. ಯಾವುದಕ್ಕೆ ಹೋಲಿಸಿ ಎಂದು ಅವಳೇ ಹೇಳಿಯಾಗಿತ್ತು.